ಪಲ್ಲವಿ ಸಿಕ್ಕಿತು, ಚರಣ ಎಲ್ಲಿ?

ರಾಗ ಹೊಳೆಯೋದು ಯಾರಿಗಿಲ್ಲ ಹೇಳಿ? ಹಾಲಿನವನಿಗೆ ಕಾಯುತ್ತಾ ಗೇಟಿನ ಹತ್ತಿರ ನಿಂತಾಗ, ಕುಕ್ಕರ್ ಇನ್ನೊಂದು ಸಲ ಕೂಗಲಿ ಅಂತ ಒಲೆ ಮುಂದೆ ಇರುವಾಗ, ಬಚ್ಚಲಲ್ಲಿ ಬಿಸಿನೀರು ಹುಯ್ದುಕೊಳ್ಳುವಾಗ ಏನೋ ಒಂದು ಗುನುಗು ಬಾಯಿಗೆ ಬಂದುಬಿಡುತ್ತೆ. ಯಾವ ಸಿನಿಮಾದ್ದೂ ಅಲ್ಲ, ಯಾವ ದೇವರನಾಮದ್ದೂ ಅಲ್ಲ, ನಮ್ಮದೇ. ಒಂದು ಸಾಲು ಸಲೀಸಾಗಿ ಹೋಗುತ್ತೆ, ಕೊನೆಗೆ ಒಂದು ಮುದ್ದಾದ ತಿರುವೂ ಸಿಗುತ್ತೆ. ಆಮೇಲೆ? ಆಮೇಲೆ ಮತ್ತೆ ಅದೇ ಸಾಲು. ನೀರು ಕಾಯೋದು ಮುಗಿದರೂ ಅದೇ ಸಾಲು. ಪಲ್ಲವಿಯ ಮಟ್ಟಿಗೆ ಅರ್ಧ ಊರೇ ವಾಗ್ಗೇಯಕಾರರು ಕಣ್ರೀ. ಎರಡನೇ ಸಾಲಿಗೆ ಬಂದಾಗಲೇ ಯಾರು ಗುನುಗುವವರು, ಯಾರು ಹಾಡು ಕಟ್ಟುವವರು ಅಂತ ಗೊತ್ತಾಗೋದು. ಮೊದಲ ಸಾಲು ಬರುತ್ತೆ, ಎರಡನೆಯದನ್ನು ತರಬೇಕು. ನನಗಂತೂ ಸಂಗೀತದ ಸೋಜಿಗವೆಲ್ಲ ಈ ತರೋದರಲ್ಲೇ ಇದೆ ಅನ್ನಿಸುತ್ತೆ.

ನಾಡಗೀತೆ ವಿಷಯವನ್ನೇ ತಗೊಳ್ಳಿ. ನಿಮ್ಮನೆಯವರು ಮೊನ್ನೆ ಕಾಂಪೌಂಡಿನ ಹತ್ತಿರ ನಿಂತು ಕೇಳಿದರಲ್ಲ, ಪದ್ಯ ಅದೇ, ಪದ ಅದೇ, ರಾಗ ಯಾರು ಹಾಕಿದ್ದಾದರೇನು ಅಂತ. ಎಷ್ಟು ವರ್ಷದ ಜಗ್ಗಾಟ ಅದು! ಕುವೆಂಪು ಅವರ ಪದ್ಯವನ್ನು ನಾಡಗೀತೆ ಅಂತ ಸಾರಿದ್ದು 2004ರ ಜನವರಿಯಲ್ಲಿ. ಯಾವ ಧಾಟಿ, ಎಷ್ಟು ಹೊತ್ತು ಅನ್ನೋದು ಇತ್ಯರ್ಥವಾಗಿದ್ದು 2022ರ ಸೆಪ್ಟೆಂಬರಿನಲ್ಲಿ. ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು, ಆಲಾಪನೆ ಬೇಡ, ಹೇಳಿದ್ದನ್ನೇ ಮತ್ತೆ ಹೇಳೋದು ಬೇಡ. ಆಮೇಲೂ ಮಾತು ಕೋರ್ಟಿನ ಮೆಟ್ಟಿಲು ಹತ್ತಿ ಇಳಿದದ್ದು ನಿಮಗೆ ಗೊತ್ತೇ ಇದೆ.

ನನಗೆ ಆ ಆದೇಶದಲ್ಲಿ ಬಹಳ ಹೊತ್ತು ಕಣ್ಣು ನಿಂತದ್ದು ಆ ಮೂವತ್ತು ಸೆಕೆಂಡಿನ ಮೇಲೆ. ಶಾಲೆ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿರುತ್ತವೆ, ಸಭೆಗಳಲ್ಲಿ ವಯಸ್ಸಾದವರು ಎದ್ದು ನಿಂತಿರುತ್ತಾರೆ, ಹೊತ್ತಿಗೊಂದು ಮಿತಿ ಬೇಕು, ಒಪ್ಪಿದೆ. ಆದರೆ ತೆಗೆದುಹಾಕಿದ್ದು ಏನನ್ನು ನೋಡಿ. ಆಲಾಪನೆ, ಪುನರಾವರ್ತನೆ. ಹಾಡು ಕಟ್ಟುವವರು ಹೆಚ್ಚು ತಲೆ ಕೆಡಿಸಿಕೊಳ್ಳೋದು ಅಲ್ಲೇ ಅಲ್ವಾ? ಯಾವ ಸಾಲನ್ನು ಎರಡು ಸಲ ಹೇಳಬೇಕು, ಎರಡನೇ ಸಲ ಎಲ್ಲಿ ಒಂದೆಳೆ ಮೇಲೆತ್ತಬೇಕು, ಎಲ್ಲಿ ಉಸಿರು ಬಿಡಬೇಕು. ಅಷ್ಟನ್ನೂ ಬಿಚ್ಚಿಟ್ಟ ಮೇಲೂ ಅನಂತಸ್ವಾಮಿಯವರ ಹಾಡು ಹಾಡಾಗಿಯೇ ನಿಂತಿದೆಯಲ್ಲ, ಅದು ಅವರ ಗಟ್ಟಿತನ.

ಆ ಪದ್ಯಕ್ಕೆ ರಾಗ ಹಾಕೋದು ಸುಲಭದ ಕೆಲಸವೇ ಅಲ್ಲ. ಮಧ್ಯೆ ಮಧ್ಯೆ ಹೆಸರುಗಳ ದೊಡ್ಡ ಮೆರವಣಿಗೆ. ಆಚಾರ್ಯರು, ಕವಿಗಳು, ರಾಜರು, ಒಬ್ಬರ ಹಿಂದೊಬ್ಬರು ಬರುತ್ತಲೇ ಇರುತ್ತಾರೆ. ಒಂದೊಂದು ಹೆಸರಿಗೂ ಒಂದೊಂದು ಗಮಕ ಹಾಕುತ್ತಾ ಕೂತರೆ ಕೇಳುವವರಿಗೆ ಹೆಸರೂ ಉಳಿಯಲ್ಲ, ರಾಗವೂ ಉಳಿಯಲ್ಲ. ಸುಮ್ಮನೆ ಒಂದೇ ಸ್ವರದಲ್ಲಿ ಓದಿಕೊಂಡು ಹೋದರೆ ಹಾಜರಿ ಕರೆದಂತಾಗುತ್ತೆ. ಹೆಸರು ಬಂದಲ್ಲಿ ರಾಗ ತಾನು ತಗ್ಗಿ ದಾರಿ ಬಿಡಬೇಕು, ತಾಯಿಯನ್ನು ಕರೆಯುವಲ್ಲಿ ತಲೆ ಎತ್ತಬೇಕು. ಆ ತಗ್ಗೋದು ಇದೆಯಲ್ಲ, ಅದಕ್ಕೆ ಬಹಳ ಧೈರ್ಯ ಬೇಕು. ಸಣ್ಣ ಮಕ್ಕಳ ಗಂಟಲಿಗೂ ಎಟುಕುವ ಹಾಗೆ ಕಟ್ಟಿದ್ದಾರೆ, ಅದಕ್ಕೇ ಅದು ಶಾಲೆಯಿಂದ ಶಾಲೆಗೆ ಹರಡಿಕೊಂಡಿತು ಅಂತ ನನ್ನ ನಂಬಿಕೆ.

ಇದೇ ಪದ್ಯಕ್ಕೆ ಅಶ್ವಥ್ ಅವರು ಹಾಕಿದ ಧಾಟಿಯನ್ನು ಇಷ್ಟಪಡುವವರೂ ಬೇಕಾದಷ್ಟು ಜನ ಇದ್ದಾರೆ, ಅವರ ಮಾತಲ್ಲೂ ಹುರುಳಿದೆ. ಅಶ್ವಥ್ ಅವರದು ದೊಡ್ಡ ಎದೆ. ಒಂದು ಸಾಲು ಸಿಕ್ಕರೆ ಅದನ್ನು ಅರಮನೆ ಮೈದಾನದ ಕೊನೇ ಸಾಲಿನವರೆಗೂ ಮುಟ್ಟಿಸುತ್ತಿದ್ದರು. 2005ರ ‘ಕನ್ನಡವೇ ಸತ್ಯ’ ಕಾರ್ಯಕ್ರಮ ನೆನಪಿದೆಯಲ್ಲ? ಅಷ್ಟು ಜನ ಭಾವಗೀತೆ ಕೇಳೋದಕ್ಕೆ ಅಂತಲೇ ಬಂದು ಕೂತದ್ದು! ಐಟಿಐ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ನೌಕರಿ ಮಾಡಿದ ಮನುಷ್ಯ ಅವರು. ಹುಟ್ಟಿದ್ದು ಡಿಸೆಂಬರ್ 29, ತೀರಿಕೊಂಡಿದ್ದೂ ಡಿಸೆಂಬರ್ 29, 2009ರಲ್ಲಿ. ಇದಕ್ಕೂ ರಾಗ ಸಂಯೋಜನೆಗೂ ಸಂಬಂಧ ಇಲ್ಲ, ಆದರೂ ಹೊರಟ ಸ್ವರಕ್ಕೇ ಬಂದು ನಿಂತರಲ್ಲ ಅನ್ನಿಸುತ್ತೆ. ಇರಲಿ.

ಧಾಟಿ ಅಂದಾಗ ನಮ್ಮ ಸೋದರತ್ತೆ ನೆನಪಾಗ್ತಾರೆ. ಅವರ ಹತ್ತಿರ ಒಂದು ಹಾಡಿನ ಪುಸ್ತಕ ಇತ್ತು, ಕೈಬರಹದ್ದು, ಅರಿಶಿನದ ಬೆರಳು ಅಲ್ಲಲ್ಲಿ ಮೂಡಿದ್ದು. ಪ್ರತಿ ಹಾಡಿನ ತಲೆ ಮೇಲೆ ರಾಗದ ಹೆಸರಿಲ್ಲ, ತಾಳದ ಹೆಸರಿಲ್ಲ, ಬರೀ ‘ಧಾಟಿ’ ಅಂತ ಬರೆದು ಮುಂದೆ ಇನ್ನೊಂದು ಹಾಡಿನ ಹೆಸರು. ಅಂದರೆ ಈ ಹಾಡನ್ನು ಆ ಹಾಡಿನ ಹಾಗೆ ಹೇಳಿಕೊಳ್ಳಿ ಅಂತ. ಹಳೇ ಕಾಲದ ಅಚ್ಚಾದ ಸಂಪ್ರದಾಯದ ಹಾಡಿನ ಪುಸ್ತಕಗಳಲ್ಲೂ ಹೀಗೇ ಇರುತ್ತೆ, ನೀವೂ ನೋಡಿರ್ತೀರ. ಈಗ ಮಜಾ ಕೇಳಿ. ಆ ‘ಧಾಟಿ’ಯ ಹಾಡು ಹುಡುಕಿಕೊಂಡು ಹೋದರೆ ಅದರ ತಲೆ ಮೇಲೆ ಮತ್ತೊಂದು ಹಾಡಿನ ಹೆಸರು! ಅದನ್ನು ಹುಡುಕಿದರೆ ಅದು ಪುಸ್ತಕದಲ್ಲೇ ಇಲ್ಲ, ಹೇಳಿಕೊಡುವವರೂ ಇಲ್ಲ. ಒಂದು ಹಾಡು ಮರೆತುಹೋದರೆ ಅದಕ್ಕೆ ಜೋತುಬಿದ್ದ ನಾಲ್ಕು ಹಾಡು ಮೂಕವಾಗುತ್ತವೆ.

ಅತ್ತೆ ಸುಮ್ಮನಿರುವ ಪೈಕಿ ಅಲ್ಲ. ಧಾಟಿ ಕಳೆದುಹೋದ ಹಾಡಿಗೆಲ್ಲ ತಾವೇ ರಾಗ ಹಾಕುತ್ತಿದ್ದರು. ಹೂ ಕಟ್ಟುತ್ತಾ ಕೂತು ಮೊದಲು ಪಲ್ಲವಿ. ಅದು ಬೇಗ ಬರ್ತಿತ್ತು. ನುಡಿಗೆ ಬಂದಾಗ ಕೈ ನಿಲ್ಲೋದು, ಬಾಯಿ ನಿಲ್ಲೋದು. ಒಂದೊಂದು ಸಲ ಸಿನಿಮಾ ಹಾಡಿನ ಚರಣ ನುಸುಳಿಬಿಡೋದು. ಗೌರಮ್ಮನ ಆರತಿ ಹಾಡು ಕಲ್ಯಾಣಿಯಲ್ಲಿ ಗಂಭೀರವಾಗಿ ಶುರುವಾಗಿ ಎರಡನೇ ನುಡಿಯಲ್ಲಿ ರಾಜಕುಮಾರ್ ಹಾಡಿನ ಬೀದಿಗೆ ಹೊರಳಿಕೊಂಡರೆ ಹಸೆ ಮುಂದೆ ಕೂತ ಹೆಂಗಸರೆಲ್ಲ ಮುಖ ಮುಖ ನೋಡಿಕೊಳ್ಳುವವರು. ‘ಗೌರಮ್ಮನೂ ಸಿನಿಮಾ ನೋಡ್ತಾಳೆ ಬಿಡ್ರೇ’ ಅಂತ ಅತ್ತೆ ಮುಂದುವರಿಸೋರು. ಹಾಡು ನಿಂತದ್ದೇ ಇಲ್ಲ.

ಇನ್ನೊಂದು ವಿಚಿತ್ರ ಕೇಳಿ. ಅತ್ತೆ ಕಟ್ಟಿದ ಆರತಿ ಹಾಡುಗಳೆಲ್ಲ ತಾಳದ ಪೆಟ್ಟಿನ ಮೇಲೇ ಸರಿಯಾಗಿ ಎತ್ತಿಕೊಳ್ಳುತ್ತಿದ್ದವು. ಕೃತಿಗಳು ಹಾಗಿರಲ್ಲ. ಎಷ್ಟೋ ಕೃತಿಗಳು ಪೆಟ್ಟು ಬಿದ್ದ ಮೇಲೆ ಒಂದು ಚೂರು ಜಾಗ ಬಿಟ್ಟು ಎತ್ತಿಕೊಳ್ಳುತ್ತವೆ, ಆ ಖಾಲಿ ಜಾಗದಲ್ಲಿ ಹಾಡುವವರಿಗೆ ಉಸಿರು, ಕೇಳುವವರಿಗೆ ಒಂದು ಕ್ಷಣದ ಕಾತರ. ಯಾಕೆ ಅತ್ತೆ ಹೀಗೆ ಅಂದರೆ, ಎರಡು ಕೈಯಲ್ಲೂ ಆರತಿ ತಟ್ಟೆ ಹಿಡಿದವಳು ತಾಳ ಎಲ್ಲಿ ಹಾಕ್ತಾಳೆ, ಹಾಡಿನೊಳಗೇ ತಾಳ ಕೇಳಬೇಕು ಅಂತಿದ್ದರು. ಎಂಥ ಮಾತು ನೋಡಿ! ಹಾಡು ಎಲ್ಲಿ ಬಳಕೆಯಾಗುತ್ತೆ ಅನ್ನೋದೂ ಹಾಡಿನ ಆಕಾರದೊಳಗೆ ಸೇರಿಕೊಂಡಿರುತ್ತೆ.

ಸರಿ, ಎರಡನೇ ಸಾಲಿಗೆ ಬರೋಣ. ಹಾಡನ್ನು ಉದ್ದ ಮಾಡುವ ಎಲ್ಲಕ್ಕಿಂತ ಸುಲಭದ ಉಪಾಯವನ್ನು ಪಾಠದ ಮೊದಲ ದಿನಗಳಲ್ಲೇ ಹೇಳಿಕೊಟ್ಟಿರ್ತಾರೆ. ಏಕತಾಳದ ಅಲಂಕಾರ ಜ್ಞಾಪಿಸಿಕೊಳ್ಳಿ, ಸರಿಗಮ, ರಿಗಮಪ, ಗಮಪದ. ಆಕಾರ ಅದೇ, ಒಂದೊಂದು ಮೆಟ್ಟಿಲು ಮೇಲೆ. ಪುರಂದರದಾಸರು ಮಾಡಿಟ್ಟದ್ದು ಅಂತ ಹೇಳಿ ಎಲ್ಲ ಮಕ್ಕಳಿಗೂ ಇದನ್ನು ಮಾಯಾಮಾಳವಗೌಳದಲ್ಲಿ ಕಲಿಸ್ತಾರೆ. ಗಂಟಲು ಹದವಾಗೋದಕ್ಕೆ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ನಿಜ ಹೇಳಬೇಕು ಅಂದರೆ ಅದು ಹಾಡು ಕಟ್ಟುವ ಪಾಠವೂ ಹೌದು. ಒಂದು ತುಣುಕನ್ನು ಮೇಲಿನ ಸ್ವರದಿಂದ ಮತ್ತೆ ಹೇಳಿದರೆ ಕಿವಿ ಖುಷಿಯಿಂದ ಒಪ್ಪುತ್ತೆ. ಇನ್ನೊಂದು ಸಲ ಹೇಳಿದರೆ, ಮುಂದೆ ಏನು ಬರುತ್ತೆ ಅಂತ ಕಿವಿಗೆ ಮೊದಲೇ ಗೊತ್ತಾಗಿಬಿಡುತ್ತೆ. ಒಳ್ಳೆ ಸಂಯೋಜಕರು ಸರಿಯಾಗಿ ಅಲ್ಲೇ ದಾರಿ ತಪ್ಪಿಸೋದು. ಮೇಲೆ ಹೋಗುತ್ತೆ ಅಂತ ಕಾದರೆ ತಟಕ್ಕನೆ ಕೆಳಗೆ, ನಿಲ್ಲುತ್ತೆ ಅಂದುಕೊಂಡರೆ ಇನ್ನೊಂದು ಎಳೆ. ಆಗ ನಮ್ಮ ಬಾಯಿಂದ ‘ಆಹಾ’ ಬರೋದು. ಸಿನಿಮಾ ಹಾಡಿರಲಿ, ಭಾವಗೀತೆ ಇರಲಿ, ಕೇಳುವಾಗ ಈ ಜಾಗ ಹಿಡಿಯಲು ನೋಡಿ, ಆಟ ಬಹಳ ಚೆನ್ನಾಗಿರುತ್ತೆ.

ತ್ಯಾಗರಾಜರ ಸಂಗತಿಗಳದ್ದು ಇದಕ್ಕಿಂತ ಆಳದ ಬುದ್ಧಿ. ಅವರು ಮುಂದಕ್ಕೆ ಹೋಗಲು ಆತುರವೇ ಪಡಲ್ಲ. ಒಂದೇ ಸಾಲು, ಅದೇ ಮಾತು. ಮೊದಲ ಸಲ ಸಾದಾ. ಎರಡನೇ ಸಲ ಕೊನೆಯ ಪದದಲ್ಲಿ ಒಂದು ಸುಳಿ. ಮೂರನೇ ಸಲ ನಡುವೆ ಒಂದು ಏರು. ಬಿಲಹರಿಯ ‘ನಾಜೀವಾಧಾರ’ ಆಗಲಿ, ಖರಹರಪ್ರಿಯದ ‘ಚಕ್ಕನಿ ರಾಜಮಾರ್ಗಮು’ ಆಗಲಿ, ಸಂಗತಿ ಮುಗಿಯುವ ಹೊತ್ತಿಗೆ ರಾಗದ ಮುಕ್ಕಾಲು ಪಾಲು ಆ ಒಂದು ಸಾಲಿನಲ್ಲೇ ಬಿಚ್ಚಿಕೊಂಡಿರುತ್ತೆ. ಹಿಂದಿನ ಸಂಗತಿ ಕೇಳದೆ ಕೊನೆಯದನ್ನು ಮಾತ್ರ ಕೇಳಿದರೆ ತಲೆಬುಡ ತಿಳಿಯಲ್ಲ, ವರಸೆಯಲ್ಲಿ ಕೇಳಿದರೆ ಇದು ಹೀಗೇ ಆಗಬೇಕಿತ್ತು ಅನ್ನಿಸುತ್ತೆ. ಇನ್ನು ‘ವಾತಾಪಿ ಗಣಪತಿಂ’. ಕಟ್ಟಿದವರು ಮುತ್ತುಸ್ವಾಮಿ ದೀಕ್ಷಿತರು, ಹಂಸಧ್ವನಿ ರಾಗವನ್ನೇ ಮಾಡಿಕೊಟ್ಟವರು ಅವರ ತಂದೆ ರಾಮಸ್ವಾಮಿ ದೀಕ್ಷಿತರು, ಈಗ ಕಚೇರಿಯಲ್ಲಿ ಕೇಳುವ ಸಂಗತಿಗಳ ಸಾಲನ್ನು ಬೆಳೆಸಿದವರು ಮಹಾ ವೈದ್ಯನಾಥ ಅಯ್ಯರ್ ಅಂತ ಹೇಳ್ತಾರೆ. ರಾಗ ಒಬ್ಬರದು, ಹಾಡು ಇನ್ನೊಬ್ಬರದು, ಬೆಳೆಸಿದ್ದು ಮತ್ತೊಬ್ಬರು. ಯಾರ ಹಾಡು ಅಂತ ಜಗಳ ಮಾಡುವವರು ಇದನ್ನೂ ಸ್ವಲ್ಪ ಯೋಚನೆ ಮಾಡಬೇಕು.

ಅನುಪಲ್ಲವಿಗೆ ಬಂದರೆ ರಾಗ ಸಾಮಾನ್ಯವಾಗಿ ಮೇಲಿನ ಷಡ್ಜದ ಕಡೆ ಹೊರಡುತ್ತೆ. ಚರಣ ಮತ್ತೆ ಕೆಳಗಿಳಿದು ನಿಧಾನವಾಗಿ ಮಾತಾಡುತ್ತೆ. ಈಗ ಒಂದು ಗುಟ್ಟು. ತ್ಯಾಗರಾಜರ ಎಷ್ಟೋ ಕೃತಿಗಳಲ್ಲಿ ಚರಣದ ಕೊನೆಯ ಭಾಗ ಇರುತ್ತಲ್ಲ, ಅದರ ಧಾಟಿ ಅನುಪಲ್ಲವಿಯದ್ದೇ! ಮಾತು ಬೇರೆ, ಸ್ವರ ಅದೇ. ನಮಗೆ ಗೊತ್ತೇ ಆಗಲ್ಲ. ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ಮನಸ್ಸು ಹಗುರಾಗುತ್ತೆ ಅಷ್ಟೆ. ಅಲ್ಲಿಂದ ಪಲ್ಲವಿಗೆ ದಾರಿ ಮೊದಲೇ ತುಳಿದದ್ದು, ಸಲೀಸಾಗಿ ಬಂದು ಸೇರುತ್ತೆ. ಪಲ್ಲವಿಗೆ ಮರಳೋದು ಹೆಣ್ಣುಮಕ್ಕಳು ತವರಿಗೆ ಬಂದ ಹಾಗೆ ನೋಡಿ. ಮನೆ ಅದೇ, ಜಗಲಿ ಅದೇ, ಬಂದವಳು ಮಾತ್ರ ಹೋದಾಗಿನವಳಲ್ಲ. ಚರಣದಲ್ಲಿ ನೋವು ಹೇಳಿಕೊಂಡು ಬಂದರೆ ಅದೇ ಪಲ್ಲವಿ ಅಳು ತರಿಸುತ್ತೆ, ಸಂತೋಷ ಹೊತ್ತು ಬಂದರೆ ಅದೇ ಪಲ್ಲವಿ ನಗುತ್ತೆ. ಹಾಗಾಗಿ ಚರಣ ಕಟ್ಟುವವರು ಪಲ್ಲವಿಯನ್ನೂ ಮತ್ತೊಂದು ಸಲ ಕಟ್ಟುತ್ತಿರುತ್ತಾರೆ ಅಂತ ನಾನು ಹೇಳೋದು. ಸರಿ ಅಲ್ವಾ?

ನಮ್ಮ ಮೈಸೂರು ವಾಸುದೇವಾಚಾರ್ಯರನ್ನು ಇಲ್ಲಿ ನೆನೆಸಿಕೊಳ್ಳದೆ ಹೇಗೆ? 1865ರಲ್ಲಿ ಹುಟ್ಟಿ 1961ರವರೆಗೂ ಬಾಳಿದವರು. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಶಿಷ್ಯರು. ಅವರ ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಗೊತ್ತಿಲ್ಲದವರುಂಟೇ! ‘ಶಂಕರಾಭರಣಂ’ ಸಿನಿಮಾ ಬಂದಮೇಲಂತೂ ಶಾಸ್ತ್ರೀಯ ಸಂಗೀತ ಅಂದರೆ ಓಡಿಹೋಗುವವರ ಬಾಯಲ್ಲೂ ಅದೇ. ಅದರ ಚಿಟ್ಟೆಸ್ವರ ಬರುವ ಹೊತ್ತಿಗೆ ಸಭೆಯಲ್ಲಿ ಎಲ್ಲರ ಕೈಯೂ ತೊಡೆ ಮೇಲೆ ಬಂದು ಕೂತಿರುತ್ತೆ. ಸಾಹಿತ್ಯವಿಲ್ಲದ ಬರೀ ಸ್ವರದ ಆ ತುಂಡು ಯಾಕೆ ಅಷ್ಟು ಹಿತ? ಅಲ್ಲಿಯವರೆಗೆ ಮಾತಿನ ಜೊತೆ ನಡೆದ ರಾಗ ಅಲ್ಲಿ ಒಂಟಿಯಾಗಿ ಓಡುತ್ತೆ, ಓಡಿ ಬಂದು ಸರಿಯಾಗಿ ಪಲ್ಲವಿಯ ಬಾಗಿಲಿಗೇ ಮುಟ್ಟುತ್ತೆ. ಒಂದು ಅಕ್ಷರ ಆಚೆ ಈಚೆ ಇಲ್ಲ.

ಅವರ ಬಗ್ಗೆ ನನಗೆ ಅತ್ಯಂತ ಪ್ರೀತಿ ಹುಟ್ಟಿಸೋದು ಕೊನೆಗಾಲದ ಕೆಲಸ. ತೊಂಬತ್ತರ ಆಸುಪಾಸಿನಲ್ಲಿ ಮದ್ರಾಸಿನ ಕಲಾಕ್ಷೇತ್ರದಲ್ಲಿ ಕೂತು ರುಕ್ಮಿಣಿದೇವಿಯವರ ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತ ಕಟ್ಟಿದರು. ಆ ವಯಸ್ಸಿನಲ್ಲಿ ನಮ್ಮವರೆಲ್ಲ ಊಟಕ್ಕೆ ಉಪ್ಪು ಕಡಿಮೆ ಅಂತ ಗೊಣಗುತ್ತಾ ಇರ್ತಾರೆ. ಇವರು ಆರು ಭಾಗದ ರಾಮಾಯಣಕ್ಕೆ ಕೈ ಹಾಕಿದ್ದರು! ಮುಗಿಯುವ ಮೊದಲೇ ತೀರಿಕೊಂಡರು, ಉಳಿದದ್ದನ್ನು ಮೊಮ್ಮಗ ರಾಜಾರಾಂ ಮುಗಿಸಿದರು. ತಾತ ಎತ್ತಿಕೊಂಡ ಪಲ್ಲವಿಗೆ ಮೊಮ್ಮಗ ಚರಣ ಸೇರಿಸಿದ್ದು. ಕೇಳುವವರಿಗೆ ಹೊಲಿಗೆ ಕಾಣಬಾರದು ಅಂದರೆ ತಾತನ ಮನಸ್ಸು ಯಾವ ಸ್ವರದ ಹತ್ತಿರ ತಂಗುತ್ತೆ ಅಂತ ಗೊತ್ತಿರಬೇಕು, ಅದು ಜೊತೆಯಲ್ಲಿ ಬೆಳೆದವರಿಗೇ ಸಾಧ್ಯ.

ವಾಸುದೇವಾಚಾರ್ಯರಿದ್ದ ಮೈಸೂರು ಆಸ್ಥಾನದಲ್ಲೇ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ನಾಲ್ವಡಿಯವರ ಕಾಲದಲ್ಲಿ ಚಾಮುಂಡೇಶ್ವರಿ ಮೇಲೆ 108 ಕೃತಿ ಕನ್ನಡದಲ್ಲಿ ಕಟ್ಟಿದರು. ತಮಿಳುನಾಡಿನವರು, ಹಾಡಿದ್ದು ಕನ್ನಡದಲ್ಲಿ, ದೇವಿ ಒಬ್ಬಳೇ. ಒಬ್ಬಳೇ ದೇವಿಗೆ ನೂರೆಂಟು ಬೇರೆ ಬೇರೆ ಮೊದಲ ಸಾಲು ಬೇಕು, ನೂರೆಂಟು ಸಲ ಎರಡನೇ ಸಾಲಿನ ಸಂಕಟ ಬೇರೆ! ರಾಗ ಸಾಲದಾದಾಗ ಹೊಸ ರಾಗವನ್ನೇ ಹುಟ್ಟಿಸುವ ಛಾತಿ ಅವರದು. ಅವರ ನಿರೋಷ್ಠ ರಾಗದ ಬಗ್ಗೆ ಕೇಳಿದೀರಾ? ಅದರಲ್ಲಿ ಮಧ್ಯಮ ಇಲ್ಲ, ಪಂಚಮ ಇಲ್ಲ. ಸ, ರಿ, ಗ, ದ, ನಿ ಅಷ್ಟೆ. ಕನ್ನಡಿ ಮುಂದೆ ನಿಂತು ಹೇಳಿ ನೋಡಿ, ಸ್ವರ ಹೇಳುವಾಗ ತುಟಿಗೆ ತುಟಿ ತಾಗೋದೇ ಇಲ್ಲ. ತಾಗಿಸುವ ಸ್ವರ ಎರಡೇ, ಮ ಮತ್ತು ಪ. ಅವೆರಡನ್ನೂ ಮನೆಯಿಂದ ಹೊರಗಿಟ್ಟುಬಿಟ್ಟಿದ್ದಾರೆ.

ಇದನ್ನು ಬರೀ ಚಮತ್ಕಾರ ಅಂತ ತಳ್ಳಿಹಾಕೋ ಹಾಗಿಲ್ಲ. ಮ, ಪ ಎರಡೂ ಹೋದರೆ ಗಾಂಧಾರದಿಂದ ಧೈವತಕ್ಕೆ ದೊಡ್ಡ ಕಂದರ. ಪಂಚಮ ಅಂದರೆ ಬಹಳಷ್ಟು ರಾಗಕ್ಕೆ ಕೂತು ಸುಧಾರಿಸಿಕೊಳ್ಳುವ ಕಟ್ಟೆ, ಅದೇ ಇಲ್ಲ ಅಂದರೆ ಹಾಡು ಎಲ್ಲಿ ಕೂರಬೇಕು? ಜಿಗಿಯಲೇಬೇಕು. ಆ ಜಿಗಿತವೇ ರಾಗಕ್ಕೆ ಮುಖಲಕ್ಷಣ ಕೊಡುತ್ತೆ. ಏನು ಬೇಕಾದರೂ ಮಾಡಬಹುದು ಅಂದಾಗ ಯಾರಿಗೂ ಮುಂದಿನ ಸಾಲು ಹೊಳೆಯಲ್ಲ. ಇಲ್ಲಿಗೆ ಕಾಲಿಡಬೇಡ, ಅಲ್ಲಿಗೆ ಹೋಗಬೇಡ ಅಂದಾಗ ದಾರಿ ತಾನಾಗಿ ಕಾಣಿಸುತ್ತೆ.

ಆಸ್ಥಾನದ ಮಾತು ಬಂದಿದ್ದಕ್ಕೆ ಒಂದು ವಿಷಯ ಹೇಳಿಬಿಡ್ತೀನಿ, ಇದು ನನಗೆ ಎಷ್ಟು ಸಲ ಹೇಳಿದರೂ ಸಾಲದು. ಜಯಚಾಮರಾಜ ಒಡೆಯರು 94 ಕೃತಿ ಕಟ್ಟಿದವರು ಅಂತ ನಮಗೆಲ್ಲ ಗೊತ್ತು. ಅವರಿಗೆ ಪಿಯಾನೋ ಹುಚ್ಚೂ ಅಷ್ಟೇ ಇತ್ತು. ನಿಕೊಲಾಯ್ ಮೆಟ್ನರ್ ಅಂತ ಒಬ್ಬ ರಷ್ಯನ್ ಸಂಗೀತಗಾರ, ದೇಶ ಬಿಟ್ಟು ಬಂದು ಲಂಡನ್ನಿನಲ್ಲಿ ನೆಲೆಸಿದ್ದ. ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು, ಕೇಳುವವರು ಕಡಿಮೆ. ಅವನ ಸಂಗೀತವನ್ನು ಧ್ವನಿಮುದ್ರಿಸಲು ದುಡ್ಡು ಕೊಟ್ಟವರು ನಮ್ಮ ಮಹಾರಾಜರು! ಅವನ ಹೆಸರಿನ ಸೊಸೈಟಿ ಕಟ್ಟಿ, ಎಚ್‌ಎಂವಿ ಪ್ಲೇಟುಗಳಲ್ಲಿ ಅವನ ಕೈಯಿಂದಲೇ ನುಡಿಸಿ ಉಳಿಸಿದರು. ಅವನು ತನ್ನ ಮೂರನೇ ಪಿಯಾನೋ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಚಾಮುಂಡಿ ಬೆಟ್ಟದ ಕೆಳಗಿನ ಊರಿನ ಹೆಸರು ಆ ಹೊತ್ತಗೆಯ ಮೇಲೆ ಕೂತಿದೆ ನೋಡಿ.

ಈ ಮೆಟ್ನರ್‌ನದ್ದು ನಾವು ಆಡುತ್ತಿರುವ ಮಾತಿಗೆ ಸರಿಯಾಗಿ ಕೂರುವ ಅಭ್ಯಾಸ. ಹೊಳೆದ ರಾಗದ ತುಣುಕುಗಳನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಬರೆದದ್ದು ಬೆಳೆದೂ ಬೆಳೆದೂ ರಾಶಿಯಾಯಿತು. ಆ ಹಳೇ ಪುಸ್ತಕ ತಿರುವಿ, ಅಲ್ಲಿ ಮಲಗಿದ್ದ ತುಣುಕುಗಳನ್ನು ಎಬ್ಬಿಸಿ ಪಿಯಾನೋಗೆ ಒಂದಿಷ್ಟು ರಚನೆ ಮಾಡಿದ, ಅವಕ್ಕೆ ‘ಮರೆತ ರಾಗಗಳು’ ಅನ್ನುವ ಅರ್ಥದ ಹೆಸರಿಟ್ಟ. ಅದರ ಮೊದಲ ಸಂಪುಟ ಒಂದು ಸೊನಾಟಾದಿಂದ ಶುರುವಾಗುತ್ತೆ, ಆರಂಭದಲ್ಲೇ ಮೆಲ್ಲನೆ ತೂಗಾಡುವ ಒಂದು ರಾಗ. ಆಮೇಲೆ ಕುಣಿತ ಬರುತ್ತೆ, ಹಾಡು ಬರುತ್ತೆ, ಏನೇನೋ ಆಗುತ್ತೆ. ಸಂಪುಟದ ಕೊನೆಯ ರಚನೆಯಲ್ಲಿ ಆ ಮೊದಲ ರಾಗ ಮತ್ತೆ ಬಾಗಿಲು ತಟ್ಟುತ್ತೆ. ತ್ಯಾಗರಾಜರು ಕೆಲವು ನಿಮಿಷದಲ್ಲಿ ಮಾಡಿದ್ದನ್ನು ಅವನು ಅರ್ಧ ಗಂಟೆ ಹರಡಿ ಮಾಡಿದ್ದಾನೆ.

ಮಹಾರಾಜರು ನೆರವು ಕೊಟ್ಟ ಇನ್ನೊಂದಿದೆ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡು ಮೊದಲ ಬಾರಿ ಕೇಳಿಬಂದದ್ದು 1950ರ ಮೇ ತಿಂಗಳಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಸ್ಟ್ರಾಸ್ ಹಿಂದಿನ ವರ್ಷವೇ ತೀರಿಹೋಗಿದ್ದ. ಆ ನಾಲ್ಕರಲ್ಲಿ ಒಂದು, ಸಂಜೆಯ ಬಗ್ಗೆ, ಮುಪ್ಪಿನ ಬಗ್ಗೆ. ಅದರ ಕೊನೆಯಲ್ಲಿ ತಾನು ಇಪ್ಪತ್ತರ ಹರೆಯದಲ್ಲಿ ಸಾವಿನ ಕುರಿತು ಬರೆದ ರಚನೆಯೊಂದರ ರಾಗವನ್ನು ಮೆಲ್ಲಗೆ ತಂದಿಟ್ಟಿದ್ದಾನೆ. ಸುಮಾರು 60 ವರ್ಷ ಕಳೆದ ಮೇಲೆ ಮರಳಿದ ಪಲ್ಲವಿ! ನನಗೆ ಇದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತೆ.

ನಿಮ್ಮ ಹುಡುಗ ಮಹಡಿ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಟ್ಯೂನ್ ಮಾಡ್ತಾನಲ್ಲ, ಕಿಟಕಿಯಿಂದ ಕೇಳಿಸುತ್ತೆ, ಚೆನ್ನಾಗಿದೆ ಕಣ್ರೀ. ಬೇಸ್ ಗಿಟಾರಿಂದು ಒಂದು ಬಳಸು ಬಹಳ ಸೊಗಸಾಗಿ ಬಂದಿದೆ. ಆದರೆ ಅವನು ಅದನ್ನು ಲೂಪ್ ಹಾಕಿಬಿಡ್ತಾನೆ. ಮೇಲೆ ಡ್ರಮ್ಸ್ ಸೇರಿಸ್ತಾನೆ, ತಬಲ ಸೇರಿಸ್ತಾನೆ, ಏನೋ ಗಾಳಿ ಸದ್ದು ಸೇರಿಸ್ತಾನೆ. ಸಾಮಾನು ಹೆಚ್ಚುತ್ತೆ, ಹಾಡು ಅಲ್ಲೇ ನಿಂತಿರುತ್ತೆ. ಪಲ್ಲವಿ ಎಲ್ಲಿಗೂ ಹೋಗೇ ಇಲ್ಲ, ಇನ್ನು ಮರಳಿ ಬರೋದು ಎಲ್ಲಿಂದ? ಎಲ್ಲ ವಾದ್ಯ ನಿಲ್ಲಿಸಿ ಬರೀ ಬಾಯಲ್ಲಿ ಆ ಸಾಲನ್ನು ಹಾಡು, ಮುಂದಿನದ್ದು ಬಾಯಿಗೆ ಬರುವವರೆಗೂ ಆ ಪೆಟ್ಟಿಗೆ ಮುಟ್ಟಬೇಡ ಅಂತ ಹೇಳಿ ನೋಡಿ. ಜಿ.ಕೆ. ವೆಂಕಟೇಶ್ ಅವರ ಹತ್ತಿರ ಇಳಯರಾಜ ಸಹಾಯಕರಾಗಿ ದುಡಿದ ಕಾಲದಲ್ಲಿ ಸಿನಿಮಾದವರು ಹಾರ್ಮೋನಿಯಂ ಪೆಟ್ಟಿಗೆ ಮುಂದೆ ಕೂತೇ ಟ್ಯೂನ್ ಕಟ್ಟುತ್ತಿದ್ದರು, ವಾದ್ಯಮೇಳ ಆಮೇಲಿನ ಮಾತು.

ಸಿನಿಮಾದವರಿಗೆ ಇನ್ನೊಂದು ಅನುಕೂಲ ಇದೆ ಅಥವಾ ಅನಾನುಕೂಲ, ಹೇಗೆ ಬೇಕಾದರೂ ಹೇಳಿ. ಅಲ್ಲಿ ಸಾಮಾನ್ಯವಾಗಿ ಟ್ಯೂನ್ ಮೊದಲು, ಮಾತು ಆಮೇಲೆ. ತನನ ತಾನನ ಅಂತ ಎರಡನೇ ಸಾಲು ಎಲ್ಲಿಗೆ ಬೇಕಾದರೂ ಹಾರಬಹುದು, ಸಾಹಿತಿ ಪಾಪ ಹಿಂದೆ ಓಡಿಬರಬೇಕು. ಹಂಸಲೇಖ ಅವರಂಥವರು ಎರಡೂ ಕೆಲಸ ತಾವೇ ಮಾಡಿಕೊಂಡಾಗ ಯಾರು ಯಾರ ಹಿಂದೆ ಓಡಿದರು ಅಂತ ಹೇಳೋದೇ ಕಷ್ಟ. ಭಾವಗೀತೆಗೆ ಆ ಸ್ವಾತಂತ್ರ್ಯವಿಲ್ಲ, ಕವಿತೆ ಆಗಲೇ ಅಚ್ಚಾಗಿ ಕೂತಿರುತ್ತೆ. ಬೇಂದ್ರೆಯವರ ‘ಬೆಳಗು’ ಕವನವನ್ನೇ ನೋಡಿ, 1967ರ ‘ಬೆಳ್ಳಿಮೋಡ’ಕ್ಕೆ ವಿಜಯಭಾಸ್ಕರ್ ರಾಗ ಹಾಕಿದರು. ಓದಿದರೇ ಕುಣಿಯುವ ಕವನ ಅದು. ಅಂಥದ್ದಕ್ಕೆ ರಾಗ ಹಾಕುವವರ ಕಷ್ಟ ಯಾರಿಗೂ ಬೇಡ. ಕವಿಯ ಲಯಕ್ಕೆ ಅಡ್ಡ ಬರಬಾರದು, ಬರೀ ಅದರ ನೆರಳಾಗಿಯೂ ಉಳಿಯಬಾರದು. ವಿಜಯಭಾಸ್ಕರ್ ಎರಡನ್ನೂ ಉಳಿಸಿಕೊಂಡರು. ಈಗ ಆ ಕವನವನ್ನು ರಾಗ ಬಿಟ್ಟು ಓದಿ ನೋಡೋಣ ಅಂದರೆ ನಮ್ಮ ಕೈಲಾಗುತ್ತಾ?

ಇಷ್ಟೆಲ್ಲ ಹೇಳಿದ ಮೇಲೆ ಬೀಸುವ ಪದದ ಮಾತು ಎತ್ತಲೇಬೇಕು, ಇಲ್ಲದಿದ್ದರೆ ಆ ಹೆಣ್ಣುಮಕ್ಕಳಿಗೆ ಅನ್ಯಾಯವಾಗುತ್ತೆ. ತ್ರಿಪದಿ, ಮೂರೇ ಸಾಲು. ಎರಡನೇ ಸಾಲಿನಲ್ಲಿ ಒಂದಿಷ್ಟನ್ನು ಮತ್ತೆ ಹೇಳಿ ಮೂರನೆಯದಕ್ಕೆ ಇಳೀತಾರೆ. ಮುಂದಿನ ಪದಕ್ಕೂ ಅದೇ ಧಾಟಿ, ಅದರ ಮುಂದಿನದಕ್ಕೂ ಅದೇ. ಅನುಪಲ್ಲವಿ ಇಲ್ಲ, ಚಿಟ್ಟೆಸ್ವರ ಇಲ್ಲ, ರಾಗ ಬೆಳೆಯೋದೇ ಇಲ್ಲ. ಆದರೂ ರಾಗಿ ಮುಗಿಯುವವರೆಗೂ ಬೇಜಾರಾಗಲ್ಲ. ಯಾಕೆ? ಅಲ್ಲಿ ಬೆಳೆಯೋದು ಮಾತು. ತವರು ಬರುತ್ತೆ, ಅಣ್ಣ ಬರುತ್ತಾನೆ, ಕೂಸು ಬರುತ್ತೆ, ರಾಗ ಕಲ್ಲಿನ ಜೊತೆ ತಿರುಗುತ್ತಾ ಸುಮ್ಮನಿರುತ್ತೆ. ಆ ಎರಡನೇ ಸಾಲಿನಲ್ಲಿ ಮತ್ತೆ ಹೇಳೋದು ಇದೆಯಲ್ಲ, ಅದು ಮುಂದಿನ ಮಾತು ಹೊಳೆಯೋದಕ್ಕೆ ಹಾಡುವವಳು ಮಾಡಿಕೊಂಡ ಬಿಡುವು ಅಂತ ನನ್ನ ಊಹೆ. ಅವಳು ಅಲ್ಲೇ, ಆ ಕ್ಷಣಕ್ಕೇ ಕಟ್ಟುತ್ತಿರುತ್ತಾಳೆ. ರಾಗವನ್ನೂ ಬೆಳೆಸಿ ಮಾತನ್ನೂ ಬೆಳೆಸಿದರೆ ಕೈ ತಪ್ಪುತ್ತೆ, ಹಿಟ್ಟು ದಪ್ಪ ಬೀಳುತ್ತೆ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ನಡೆಸಿದಳು. ಕೃತಿಯ ಸಂಗತಿಯಲ್ಲಿ ಮಾತು ನಿಂತಿರುತ್ತೆ, ರಾಗ ನಡೆಯುತ್ತೆ. ಇಲ್ಲಿ ರಾಗ ನಿಂತಿರುತ್ತೆ, ಮಾತು ನಡೆಯುತ್ತೆ. ಬುದ್ಧಿ ಒಂದೇ ಅಲ್ವಾ?

ಅಂದ ಹಾಗೆ, ನಿಮ್ಮ ಭಜನೆ ಮಂಡಳಿಯವರು ನವರಾತ್ರಿಗೆ ಹೊಸ ಹಾಡು ಬೇಕು ಅಂದರಲ್ಲ, ಮೋಹನಕಲ್ಯಾಣಿಯಲ್ಲಿ ಪಲ್ಲವಿ ಒಂದು ಸಿಕ್ಕಿದೆ. ಆ ರಾಗದಲ್ಲಿ ಮುತ್ತಯ್ಯ ಭಾಗವತರ ‘ಭುವನೇಶ್ವರಿಯ’ ಇದೆಯಲ್ಲ, ಅದರ ನೆರಳು ಬೀಳದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ ಭಯ. ಚರಣವನ್ನು ಮೇಲಿನಿಂದ ಎತ್ತಿಕೊಳ್ಳದೆ ಕೆಳಗಿನ ಸ್ಥಾಯಿಯ ಧೈವತದಿಂದ ಶುರು ಮಾಡೋಣ ಅಂತಿದ್ದೀನಿ, ನಿಮ್ಮ ದನಿ ಕೆಳಗೆ ಚೆನ್ನಾಗಿ ನಿಲ್ಲುತ್ತೆ. ಮಧ್ಯಾಹ್ನ ಕೆಲಸ ಮುಗಿಸಿಕೊಂಡು ಬನ್ನಿ, ಶ್ರುತಿ ಪೆಟ್ಟಿಗೆ ನಮ್ಮಲ್ಲೇ ಇದೆ.